ಬಿಟ್ಯಾ?

ತಗಡಿನ ಚಾವಣಿಯ ಮೇಲೆ ಮಳೆ ಧೋ ಎಂದು ಸುರಿಯುತ್ತಿದ್ದ ಮಧ್ಯಾಹ್ನ. ಗ್ಯಾರೇಜಿನೊಳಗೆ ಎಣ್ಣೆ ಡಬ್ಬಗಳನ್ನು ಬೋರಲು ಹಾಕಿಕೊಂಡು ಕೂತಿದ್ದವರು ಇಬ್ಬರೇ: ಹಾಲಿನ ವ್ಯಾನಿನವನು, ಮತ್ತು ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡ ಅವಳು. ಅವಳ ಗಂಡ ಹೊರಗಿನ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಸೀಟಿನ ಮೇಲಿದ್ದ. ಎಂಜಿನ್ನು ಓಡುತ್ತಲೇ ಇತ್ತು.

ಒಂದು ತಿಂಗಳಿಂದ ಅವಳು ಗಂಡನ ಜೊತೆ ಮಾತು ಬಿಟ್ಟಿದ್ದಳು. ಮೇವು ಕತ್ತರಿಸುವ ಮಷೀನಿನಲ್ಲಿ ಸಿಕ್ಕಿಕೊಂಡ ದಂಟನ್ನು ಅವಳು ಎಳೆಯಬೇಕೆನ್ನುವಾಗ ಅವನು ಸೀಟಿನಿಂದ "ಬಿಟ್ಟೆ!" ಎಂದಿದ್ದ. ನಂಬಿ ಕೈ ಹಾಕಿದ್ದಳು. ಮಷೀನನ್ನು ತಿರುಗಿಸುವ ಪಿಟಿಒ ಶಾಫ್ಟು ನಿಂತಿರಲಿಲ್ಲ. ಎರಡು ಬೆರಳು ಹೋದವು. ಅದನ್ನು ನಿಲ್ಲಿಸುವ ಲಿವರ್ ಎಳೆದಿದ್ದೆ ಎಂದು ಅವನು ಆಣೆ ಇಡುತ್ತಿದ್ದ. ಅವನು ಸುಳ್ಳು ಹೇಳಿದನೋ, ಗಾಡಿಯೇ ಕೆಟ್ಟಿತ್ತೋ, ಮೆಕ್ಯಾನಿಕ್ಕಿನ ಬಾಯಿಂದಲೇ ಕೇಳಬೇಕೆಂದು ಅವಳು ಬಂದಿದ್ದಳು.

ಎಲ್ಲರೂ ಗೊಣಗಜ್ಜ ಎಂದು ಕರೆಯುವ ಆ ಮುದುಕ ಮೆಕ್ಯಾನಿಕ್ಕು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ.

"ಕೇಬಲ್ ಬಿಗಿ ಮಾಡ್ದೆ, ವಾಲ್ವ್ ತೊಳ್ದೆ, ಕ್ಲಚ್ ಪ್ಲೇಟು ಹೊಸದೇ ಹಾಕ್ದೆ. ಲಿವರ್ ಎಳೆದ್ರೂ ತಿರುಗ್ತಾನೇ ಇದೆ, ಹಾಳಾದ್ದು!"

"ಹಂಗಾದ್ರೆ ನಮ್ಮೋರದ್ದೇನೂ ತಪ್ಪಿಲ್ವಾ ಅಜ್ಜ?"

ಮುದುಕ ಕುಕ್ಕರಿಸಿದ. "ಕೂತ್ಕೋ ತಾಯಿ, ಹೇಳ್ತೀನಿ. ಏಯ್ ಹಾಲಿನೋನೇ, ಹಲ್ಲು ಕಿರಿಬೇಡ, ನೀನೂ ಕೇಳು. ನಲವತ್ತು ವರ್ಷದ ಹಿಂದಿನ ಮಾತು... ಅಣ್ಣ ತಮ್ಮ ಇಬ್ರು, ಬಾಡಿಗೆಗೆ ಮೇವು ಕತ್ತರಿಸಿಕೊಡ್ತಿದ್ರು, ತಮ್ಮ ಸೀಟಿನ ಮೇಲೆ, ಅಣ್ಣ ಹಿಂದೆ, ಒಬ್ಬರ ಮುಖ ಒಬ್ಬರಿಗೆ ಕಾಣ್ತಿರ್ಲಿಲ್ಲ, ಅದಕ್ಕೆ ಅಣ್ಣ 'ಬಿಟ್ಯಾ?' ಅಂತ ಕೂಗ್ಬೇಕು, ತಮ್ಮ ಲಿವರ್ ಎಳೆದು 'ಬಿಟ್ಟೆ' ಅನ್ಬೇಕು, ಆಮೇಲೇನೇ ಅಣ್ಣ ಕೈ ಹಾಕೋದು. ಒಂದು ದಿನಾನೂ ತಪ್ಪಿದ್ದಿಲ್ಲ. ಆದ್ರೆ ಆ ತಮ್ಮ ಇದ್ದಾನಲ್ಲ, ಮಹಾ ಕುಡುಕ. ಬೆಳಗಾದ್ರೆ ಅಣ್ಣಂದು ಒಂದೇ ರಾಗ, 'ಬಿಟ್ಯಾ? ಕುಡಿಯೋದು ಬಿಟ್ಯಾ?' ಉಣ್ಣುವಾಗ್ಲೂ ಅದೇ, ಮಲಗುವಾಗ್ಲೂ ಅದೇ, ತಲೆ ಚಿಟ್ಟು ಹಿಡಿದುಹೋಗಿತ್ತು! ಆವತ್ತು ಬಾಟ್ಲಿ ಸಿಕ್ಕಿಬಿದ್ದು ದೊಡ್ಡ ಜಗಳ ಬೇರೆ. ಮಷೀನು ಓಡ್ತಾ ಇತ್ತು... ಹಿಂದಿನಿಂದ ಕೇಳಿಸ್ತು, 'ಬಿಟ್ಯಾ?' ಯಾವುದನ್ನ ಕೇಳ್ತಿದ್ದಾನೆ ಅಂತ ಯೋಚನೆ ಮಾಡ್ಬೇಕಿತ್ತಲ್ವಾ? ಮತ್ತೆ ಶುರು ಹಚ್ಕೊಂಡ ಅಂತ ರೇಗಿ, 'ಬಿಟ್ಟೆ! ಬಿಟ್ಟೆ ಮಾರಾಯ!' ಅಂತ ಕಿರುಚ್ದೆ..."

ಹಾಲಿನವನು ತಟ್ಟನೆ ತಲೆಯೆತ್ತಿದ.

"ಹೌದಯ್ಯಾ, ನಾನೇ. ಲಿವರ್ ಮುಟ್ಟಿರ್ಲಿಲ್ಲ. ಕುಡಿಯೋದೂ ಬಿಟ್ಟಿರ್ಲಿಲ್ಲ. ಅಣ್ಣನ ತೋಳು ಪೂರ್ತಿ ಒಳಗೆ ಹೋಗಿತ್ತು... ಆಮೇಲೆ ಎಳೆದೆ, ನಿಲ್ಲಲಿಲ್ಲ. ಎಂಜಿನ್ನೇ ಆಫ್ ಮಾಡ್ದೆ... ಆದ್ರೂ ತಿರುಗ್ತಿತ್ತು ತಾಯಿ. ಅಣ್ಣ ಅಲ್ಲೇ ಪ್ರಾಣ ಬಿಟ್ಟ. ಗಾಡಿ ಮಾರಿ ಕೈ ತೊಳ್ಕೊಂಡೆ ಅಂದ್ಕೊಂಡಿದ್ದೆ. ಈಗ ಬಣ್ಣ ಬೇರೆ ಹೊಡೆದಿದ್ದಾರೆ, ಆದ್ರೆ ಹೊರಗಿರೋ ನಿಮ್ಮ ಟ್ರ್ಯಾಕ್ಟರಿನ ಸೀಟಿನ ಕೆಳಗಿನ ಬೆಸುಗೆ ನಾನು ಹಾಕಿದ್ದು."

ಮುದುಕ ಅವಳ ಕಡೆ ತಿರುಗಿದ.

"ಒಂದು ಮಾತು ಹೇಳು. ನಿನ್ನ ಗಂಡ 'ಬಿಟ್ಟೆ' ಅನ್ನೋಕೆ ಮುಂಚೆ ನೀನು ಕೇಳಿದ್ಯಾ?"

ಅವಳು ಯೋಚಿಸಿದಳು. ಈ ಒಂದು ತಿಂಗಳಲ್ಲಿ ಇದು ಹೊಳೆದೇ ಇರಲಿಲ್ಲ. "ಇಲ್ಲ ಅಜ್ಜ... ಕೇಳ್ಬೇಕು ಅಂತ ಬಾಯಿ ತೆರೆಯೋದ್ರೊಳಗೆ ಅವರೇ ಅಂದ್ರು."

ಹಾಗಾದರೆ ಅವನು ಸುಳ್ಳು ಹೇಳಿರಲಿಲ್ಲ; ಯಾರೋ ಕೇಳಿದ್ದಕ್ಕೇ ಲಿವರ್ ಎಳೆದು 'ಬಿಟ್ಟೆ' ಎಂದಿದ್ದ. ಪಾಪ, ಎಷ್ಟು ಸಲ ತಟ್ಟೆ ಕುಕ್ಕಿ ಎದ್ದುಹೋಗಿದ್ದೆ ಎಂದುಕೊಂಡಳು. ಈಗಲೇ ಹೋಗಿ ಮಾತಾಡಿಸಬೇಕೆಂದು ಎದ್ದಳು.

ಅಷ್ಟರಲ್ಲಿ ಎಂಜಿನ್ನಿನ ಸದ್ದಿನ ಮೇಲೆ ಗಂಡನ ಕೂಗು ಕೇಳಿಸಿತು. ತಿಂಗಳ ಮೇಲೆ ಹೆಂಡತಿ ಮಾತಾಡಿಸಿದಳೆಂಬ ಖುಷಿ ಅದರಲ್ಲಿ ತುಂಬಿತ್ತು.

"ಬಿಟ್ಟೆ ಕಣೇ! ಬಿಟ್ಟೆ!"

ಗೊಣಗಜ್ಜ ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಹೋಗ್ಬೇಡ ತಾಯಿ... ನಮ್ಮಣ್ಣ ಈಗ ನಿನ್ನ ದನಿಯಲ್ಲೇ ಕೇಳೋದು ಕಲಿತುಬಿಟ್ಟಿದ್ದಾನೆ."