ಹನ್ನೆರಡು ಕಂಪ್ಯೂಟರಿಗೆ ಒಂದೇ ಪೆನ್‌ಡ್ರೈವ್

ಎನ್‌ಖಾಟಾ ಬೇ ದಕ್ಕೆಯಲ್ಲಿ ಲಿಕೋಮಾ ದ್ವೀಪಕ್ಕೆ ಹೋಗುವ ಹಡಗಿಗೆ ಸಾಲು ನಿಂತಿತ್ತು. ನ್ಯಾಚಿರ್ವಾ ತನ್ನ ಈರುಳ್ಳಿ ಚೀಲದ ಮೇಲೆ ಕೂತಿದ್ದಳು. ಎದುರಿಗೆ ದ್ವೀಪದಲ್ಲಿರುವ ಅವಳ ಮಗಳ ಶಾಲೆಯ ಮೇಷ್ಟ್ರು ವೊಂಗಾನಿ, ಜೊತೆಗೆ ಅವನನ್ನು ಕಳಿಸಲು ಬಂದಿದ್ದ ಅಕ್ಕ ಟೆಮ್ವಾ. ಟೆಮ್ವಾಗೆ ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಿತ್ತು. ಶಾಲೆಯ ಮಾತು ಬಂದದ್ದೇ ನ್ಯಾಚಿರ್ವಾಳ ಕಿವಿ ನೆಟ್ಟಗಾಯಿತು.

“ಹನ್ನೆರಡು ಕಂಪ್ಯೂಟರಿಗೂ ಇದೊಂದೇ ಪೆನ್‌ಡ್ರೈವಾ ಅಕ್ಕಾ?”

“ಸಾಕು ಕಣೋ. ವಿಂಡೋಸ್ ಜೊತೆಗೇ ಈ ತಿಂಗಳವರೆಗಿನ ಅಪ್‌ಡೇಟೆಲ್ಲ ಒಳಗೇ ಸೇರಿಸಿಟ್ಟಿದ್ದೀನಿ. ಇಂಟರ್ನೆಟ್ಟೇ ಬೇಡ.”

“ಹೋದ ಸಲ ಫೋನಿನ ನೆಟ್ಟಲ್ಲಿ ಒಂದಕ್ಕೇ ನಾಲ್ಕು ದಿನ ಹಿಡೀತು. ಸೋಮವಾರ ಮಕ್ಕಳಿಗೆ ಪರೀಕ್ಷೆ. ಇದು ಕೈಕೊಟ್ರೆ ಮತ್ತೆ ಹಡಗು ಬರೋದು ಮುಂದಿನ ವಾರ.”

“ಕೈಕೊಡಲ್ಲ. ಹಾಕಿ ನೋಡೇ ಕೊಟ್ಟಿರೋದು. ಸಲೀಸಾಗಿ ಆಯ್ತು.”

“ಯಾವುದಕ್ಕೆ ಹಾಕಿದೆ?”

“ನಿನ್ನ ಲ್ಯಾಪ್‌ಟಾಪಿಗೆ.”

“ಅಯ್ಯೋ! ಅದರಲ್ಲಿ ಇದ್ದದ್ದೆಲ್ಲ ಅಳಿಸಿಬಿಟ್ಯಾ?”

“ಮೊದಲೇ ಬೇರೆ ಕಡೆ ಎತ್ತಿಟ್ಟೆ, ಹೆದರಬೇಡ. ಕರಿಹಲಗೆ ಮೇಲೆ ಲೆಕ್ಕ ಬರೀತಿರೋ ಟೀಚರಮ್ಮನ ಫೋಟೋನೇ ಮೂವತ್ತೇಳಿತ್ತು. ಯಾರಪ್ಪಾ ಆಕೆ?”

ಅಷ್ಟರಲ್ಲಿ ಹಡಗು ಕೂಗಿತು.

“ಹೊತ್ತಾಯ್ತು ಅಕ್ಕಾ, ಬರ್ತೀನಿ!” ಎಂದು ವೊಂಗಾನಿ ಪೆನ್‌ಡ್ರೈವನ್ನು ಜೇಬಿಗೆ ತುರುಕಿಕೊಂಡು ಓಡಿದ.

“ಮುಂದಿನ ಸಲ ಅವಳನ್ನೂ ಕರಕೊಂಡೇ ಬಾರೋ!”

ಬಾಯಿತುದಿಗೆ ಬಂದಿದ್ದ, ಮಗಳ ಶಾಲೆಯ ಗಣಿತದ ಟೀಚರಮ್ಮನ ಹೆಸರನ್ನು ನುಂಗಿಕೊಂಡು, ನ್ಯಾಚಿರ್ವಾ ನಗುತ್ತ ಅವನ ಹಿಂದೆ ಹಡಗು ಹತ್ತಿದಳು.