ಬೋರವ್ವನ ಕುಣಿಮಗ್ಗ, ಎರಡನೇ ರೂಟರು

ಬಾಗಿಲು ಮುಂದಕ್ಕೆ ಮಾಡಿ ಕೂಡ್ರಿ, ಹೇಳ್ತೀನಿ. ಬನಹಟ್ಟಿಯ ನಮ್ಮ ಓಣಿಯ ನೀಲಕಂಠನಿಗೆ ಆದದ್ದು ಇದು. ಹೋದ ವರ್ಷದ್ದು... ಹಳೇ ಕಾಲದ್ದಲ್ಲ.

ಅವತ್ತು ಅಮಾವಾಸ್ಯೆ, ನೇಕಾರರಿಗೆ ರಜೆ. ಓಣಿಯಲ್ಲಿ ಒಂದು ಮಗ್ಗದ ಸಪ್ಪಳವೂ ಇರಲಿಲ್ಲ. ಕತ್ತಲಾದ ಮೇಲೆ ನೀಲಕಂಠ ಜಮಖಂಡಿಯಿಂದ ಹೊಸ ರೂಟರ್ ತಂದು, ಬಾವಿ ದಾಟಿ ಮನೆಗೆ ಹೊರಟಿದ್ದ. ಕಟ್ಟೆಯ ಮೇಲಿದ್ದ ನೆರೆಮನೆಯ ತಾರವ್ವ ಪಿಸುಗುಟ್ಟಿದಳು: “ಎಲ್ಲಿ ಹಚ್ಚತೀಯೋ ಅದನ್ನ?”

“ಹಿಂದಿನ ಖೋಲ್ಯಾಗ, ಅತ್ತಿ.”

“ಅಲ್ಲಿ ಬೋರವ್ವನ ಮಗ್ಗ ಐತಿ. ಅಮಾಸಿ ದಿನ ಕೈ ಹಚ್ಚಬ್ಯಾಡಪಾ.”

“ಮಗ್ಗಕ್ಕ ಯಾರು ಹಚ್ಚತಾರ?” ಎಂದು ನಕ್ಕ. ಸೊಕ್ಕು, ಮತ್ತೇನು!

ಅವನ ಹೆಂಡತಿ ಶ್ರೀದೇವಿ ಆ ಖೋಲಿಯಿಂದ ವಿಡಿಯೋ ಕಾಲಿನಲ್ಲಿ ಗಿರಾಕಿಗಳಿಗೆ ಸೀರೆ ತೋರಿಸಬೇಕು. ಪಡಸಾಲೆಯ ರೂಟರಿನ ನೆಟ್ಟು ನಡುವಿನ ಕಲ್ಲುಗೋಡೆ ದಾಟುತ್ತಿರಲಿಲ್ಲ. ಕೂಗಿದರೂ ದಾಟುತ್ತಿರಲಿಲ್ಲ ಅನ್ನಿ. ಅದಕ್ಕೇ ಹಳೇ ರೂಟರಿನಿಂದ ಒಂದು ವೈರು ಎಳೆದ. ತುದಿ ಸುಲಿದು, ಒಳಗಿನ ಕಿತ್ತಳೆ, ಹಸಿರು, ನೀಲಿ, ಕಂದು ತಂತಿಗಳನ್ನು ಸಾಲಾಗಿ ಕೂಡಿಸಿ ಕ್ಲಿಪ್ ಹಾಕಿದ. ಎರಡೂ ರೂಟರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಆದರೆ ಫೋನುಗಳಿಗೆ ನಂಬರ್ ಹಂಚುವ ಯಜಮಾನಿಕೆ ಮಾತ್ರ ಹಳೆಯದಕ್ಕೇ. ಒಂದು ಮನೆಗೆ ಇಬ್ಬರು ಹಿರಿಯರಾದರೆ ಜಗಳ ತಪ್ಪುತ್ತದೆಯೇ?

ಬೋರವ್ವ ಅವನ ದೊಡ್ಡವ್ವ. ನೇಯುತ್ತಿದ್ದ ಸೀರೆಯ ಸೆರಗು ಬಾಕಿ ಇರುವಾಗಲೇ ತೀರಿಹೋದಳು. ಆಮೇಲೆ ಅದನ್ನು ಯಾರೂ ಮುಗಿಸಲಿಲ್ಲ, ಮಗ್ಗದಿಂದ ಕೊಯ್ದು ಇಳಿಸಲೂ ಇಲ್ಲ. ನೀಲಕಂಠ ಅದೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತ. ವೈರು ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತು. ಎದುರಿಗೆ ಮಗ್ಗಕ್ಕೆ ಉದ್ದಕ್ಕೂ ಬಿಗಿದ ಹಾಸಿನ ಒಂದಿಷ್ಟು ಎಳೆ ಹರಿದು ಜೋತಾಡುತ್ತಿದ್ದವು. ಹರಿದ ಎಳೆ ಕಂಡರೆ ನೇಕಾರನ ಕೈ ಸುಮ್ಮನಿರುತ್ತದೆಯೇ... ವೈರನ್ನೂ ಸೇರಿಸಿ ಗಂಟು ಹಾಕಿಬಿಟ್ಟ.

ಹೊಸ ರೂಟರಿನ ಹಸಿರು ದೀಪ ಹತ್ತಿತು.

ಖಟ್.

ಕಾಲ ಕೆಳಗಿನ ಹಲಗೆ ತಾನೇ ಇಳಿಯಿತು. ಸರ್ರ್... ನೂಲಿನ ಲಾಳಿ ಆ ಕಡೆಗೆ ಓಡಿತು. ಬಟ್ಟೆ ಸುತ್ತುವ ತೊಲೆ ಕಿರ್ರ್ ಎಂದು ತಿರುಗಿ ಅವನ ತೊಡೆಯ ಮೇಲೆ ಬಿಗಿಯಿತು. ಏಳಲಾಗದು. ಕಾಲು ಎಳೆದರೆ ಇನ್ನೂ ಬಿಗಿ.

ಫೋನಿನಲ್ಲಿ ನೆಟ್ಟು ತುಂಬಿತ್ತು. ಪಡಸಾಲೆಯಲ್ಲಿದ್ದ ಹೆಂಡತಿಗೆ ವಾಟ್ಸಾಪಿನಲ್ಲಿ ಫೋನ್ ಹಚ್ಚಿದ.

“ಶ್ರೀ... ಲಗೂನ ಬಾ! ಕಾಲು ಸಿಕ್ಕೊಂಡಾವು!”

“ಹಲೋ? ರೀ... ಏನೂ ಕೇಳವಲ್ದು. ಬರೇ ಮಗ್ಗದ ಸಪ್ಪಳ ಬರಾಕತ್ತೈತಿ.”

ಆಮೇಲೆ ಬಾಗಿಲ ಮೇಲೆ ಧಬ್ ಧಬ್. “ಚಿಲಕಾ ತಗೀರಿ!” ಎಂದು ಅವಳು ಅಳುತ್ತಿದ್ದಳು. ಆ ಬಾಗಿಲಿಗೆ ಒಳಗೆ ಚಿಲಕವೇ ಇರಲಿಲ್ಲ.

ನೀಲಕಂಠ ಗಂಟು ಕೊಯ್ಯಲು ವೈರು ಸುಲಿದ ಬ್ಲೇಡು ಎತ್ತಿದ. ಕಿವಿಯ ಹತ್ತಿರ ಯಾರೋ ಉಸುರಿದರು:

“ಕೊಯ್ಯಬ್ಯಾಡೋ... ಸೆರಗು ಉಳದೈತಿ.”

ಅವನು ಅಳುತ್ತಲೇ ಲಾಳಿ ಹಿಡಿದ. ಖಟ್... ಸರ್ರ್... ಖಟ್. ನೇಯ್ದಷ್ಟೂ ತೊಲೆ ಕೂದಲೆಳೆಯಷ್ಟು ಸಡಿಲಾಗುತ್ತಿತ್ತು, ಕೈ ನಿಂತರೆ ಮತ್ತೆ ಬಿಗಿಯುತ್ತಿತ್ತು. ಸೆರಗಿನ ಕೊನೆಯ ಎಳೆ ಕೂತಾಗ ಬಾಗಿಲು ತಾನೇ ತೆರೆಯಿತು. ಹೊರಗೆ ಬೆಳಕು ಹರಿದಿತ್ತು. ಶ್ರೀದೇವಿ ಹೊಸ್ತಿಲ ಮೇಲೇ ಕುಸಿದು ಕುಳಿತಿದ್ದಳು.

ಆ ಸೆರಗಿನಲ್ಲಿ ಕಿತ್ತಳೆ, ಹಸಿರು, ನೀಲಿ, ಕಂದು ಗೆರೆಗಳಿವೆ. ಆ ಬಣ್ಣದ ನೂಲು ಅವರ ಮನೆಯಲ್ಲಿ ಇರಲೇ ಇಲ್ಲ. ಸುಳ್ಳು ಅಂದರೆ ಅನ್ನಿ, ನಾನೇ ಹೋಗಿ ಆ ವೈರು ಉದ್ದಕ್ಕೂ ಹಿಚುಕಿ ನೋಡಿದ್ದೇನೆ. ಮೇಲಿನ ಸಿಪ್ಪೆ ಎಲ್ಲೂ ಹರಿದಿಲ್ಲ. ಒಳಗೆ ಒಂದು ತಂತಿಯೂ ಇಲ್ಲ... ಪೊಳ್ಳು.

ಎರಡನೇ ರೂಟರಿಗೆ ನೆಟ್ಟು ಇವತ್ತಿಗೂ ಅದೇ ವೈರಿನಲ್ಲಿ ಬರುತ್ತದೆ. ಛಲೋ ಬರುತ್ತದೆ.