ಒಂದು ವೋಟಿಗೆ ಬಿದ್ದ ದನಿ

...ಒಂದೇ ಒಂದು ವೋಟು ಇವಳೇ! ನಿನ್ನ ದನಿ ಬಾಗಿಲ ತನಕ ಬಂದು ಹೊಸ್ತಿಲಲ್ಲಿ ಎಡವಿ ಬಿತ್ತು. ಯಾಕೆ ನಗ್ತೀಯಾ? ನಗಬೇಡ. ಇಲ್ಲಿ ನನ್ನ ಹೊಟ್ಟೆ ಉರೀತಿದೆ.

ಲೆಕ್ಕ ತಿಳೀಲಿಲ್ವಾ? ಮೊಮ್ಮಗಳು ನನಗೆ ಮೂರು ಸಲ ಬಿಡಿಸಿ ಹೇಳಿದಳು, ಈ ಮಂಡೆಗೆ ಅಷ್ಟು ಬೇಕು. ನೀನು ಒಂದೇ ಸಲಕ್ಕೆ ಹಿಡೀತೀಯಾ, ಕೇಳು. ಅವಳೂ ಅವಳ ಸ್ನೇಹಿತರೂ ಸಂಬಳವಿಲ್ಲದೆ ಒಂದು ಸಾಫ್ಟ್‌ವೇರ್ ಮಾಡಿದಾರಲ್ಲ, ಕಣ್ಣು ಕಾಣದವರಿಗೆ, ನನ್ನಂಥ ಓದು ಬರದವರಿಗೆ ಫೋನು ತಾನೇ ಓದಿ ಹೇಳೋ ಹಾಗೆ? ಶುರುವಿನಲ್ಲೇ ಒಂದು ಮೂಲಪತ್ರ ಬರೆದಿಟ್ಟರು. ಇದರ ದನಿ ಒಂದೇ, ಅದು ತಾತನದು, ಅಂದರೆ ನನ್ನದು ಅಂತ. ಮತ್ತೆ? ತರಕಾರಿ ಮಂಡಿಯಲ್ಲಿ ನಾನು ಹರಾಜು ಕೂಗಿದರೆ ಬದನೆಕಾಯಿ ತಾನೇ ಬುಟ್ಟಿಯಿಂದ ಇಳಿದು ಬರ್ತಿತ್ತು! ಒಂದು ಸಲ ರೈಲೇ ನಿಂತಿತ್ತು... ಸರಿ ಬಿಡು, ಆ ರೈಲಿನ ಕಥೆ ನಿನಗೆ ಬಾಯಿಪಾಠ.

ಆ ಮೂಲಪತ್ರ ಮುಟ್ಟಬೇಕಾದರೆ ಸುಮ್ಮನೆ ಹೆಚ್ಚು ವೋಟು ಬಿದ್ದರೆ ಸಾಲದು. ಒಬ್ಬರು ವಿರೋಧ ಅಂದರೆ ಮೂವರು ಪರ ಬೇಕು. ವಿರೋಧ ಅಂತ ಬಾಯಿಬಿಟ್ಟು ಹೇಳಲ್ಲ ಅವರು, ಮರ್ಯಾದಸ್ಥರು ನೋಡು! ಒಂದು ಕಡೆ ‘ಬದಲಿಸೋಣ’, ಇನ್ನೊಂದು ಕಡೆ ‘ಇನ್ನೂ ಮಾತಾಡೋಣ’. ಮಾತಾಡೋಣ ಅಂದರೆ ಬೇಡ ಅಂತಲೇ ಅರ್ಥ. ಅದಕ್ಕೆ ಹತ್ತು ಬಿತ್ತು. ನಿನ್ನ ಪರ ಇಪ್ಪತ್ತೊಂಬತ್ತು! ಮೂವತ್ತಾಗಿದ್ದರೆ ನಿನ್ನ ದನಿಯೂ ಇವತ್ತಿಂದ ಲೋಕ ಸುತ್ತೋದು.

ಅಜ್ಜಿಯ ದನಿಯೂ ಇರಲಿ ಅಂತ ಜನ ಕೇಳಿದ್ದರಲ್ಲಿ ತಪ್ಪೇನಿದೆ? ತಾತ ಓದಿದರೆ ಔಷಧಿ ಚೀಟಿಯೂ ಹರಾಜು ಕೂಗಿದ ಹಾಗಿರುತ್ತೆ ಅಂದರಂತೆ. ನಿಜ ತಾನೇ! ಈ ಹಲ್ಲಿಲ್ಲದ ಬಾಯಿ ಇನ್ನೆಷ್ಟು ದಿನ? ಅದಕ್ಕೇ ನಾನೇ ಸಭೆಯಲ್ಲಿ ಎದ್ದು ನಿಂತು, ಕಿಟಕಿ ಗಾಜು ಅದುರೋ ಹಾಗೆ ನಿನ್ನ ಪರ ಭಾಷಣ ಬಿಗಿದೆ. ಆಮೇಲೆ ಮೊಮ್ಮಗಳು ನಿನ್ನಿಂದ ಓದಿಸಿ ಫೋನಲ್ಲಿ ಹಿಡಿದಿಟ್ಟಿದ್ದನ್ನ ಹಾಕಿದಳು...

ಏನಿಲ್ಲ. ಆ ಗದ್ದಲದ ಹುಡುಗರು ಕೈಯಲ್ಲಿದ್ದ ಲೋಟ ಕೆಳಗಿಡೋದನ್ನೂ ಮರೆತರು. ಅಷ್ಟು ನಿಶ್ಶಬ್ದ! ನನಗೆ ಯಾವತ್ತಾದರೂ ಹಾಗೆ ಸುಮ್ಮನಾಗಿದ್ರಾ ಅವರು? ನನಗೂ ಹೊಸದಾಗಿ ಕೇಳಿಸಿತು ಬಿಡು. ಈ ಮನೆಯಲ್ಲಿ ನೀನು ಅಷ್ಟು ಹೊತ್ತು ಮಾತಾಡಿದ್ದು ಯಾವಾಗ... ಛೆ, ಹೊಟ್ಟೆಕಿಚ್ಚೆಲ್ಲಿ ಬಂತು ಇದರಲ್ಲಿ!

ನನಗೆ ಆ ಗಡ್ಡದವನ ಮೇಲೇ ಅನುಮಾನ. ನಾನು ಭಾಷಣ ಮಾಡುವಾಗ ಆಕಳಿಸ್ತಿದ್ದ. ಆದರೆ ಗುಟ್ಟಿನ ವೋಟು, ಯಾರು ಏನು ಒತ್ತಿದರೋ ದೇವರಿಗೂ ತಿಳಿಯಲ್ಲ.

ನಾನಾ? ನಾನು ಸಭೆ ಮುಗಿದ ಮೇಲೆ ಇದೇ ಕುರ್ಚಿಯಲ್ಲಿ ಕೂತು ಫೋನಲ್ಲೇ ಹಾಕಿದೆನಲ್ಲ, ನೀನು ಒಳಗೆ ಪಾತ್ರೆ ತೊಳೀತಿದ್ದೆ. ಫೋನು ನನ್ನ ದನಿಯಲ್ಲೇ ಎರಡನ್ನೂ ಓದಿ ಹೇಳ್ತು, ನಾನು ಒತ್ತಿದೆ. ಒತ್ತಿದ ಮೇಲೆ ಏನು ಒತ್ತಿದ್ದು ಅಂತ ಅದೇ ಮತ್ತೊಂದು ಸಲ ಗಟ್ಟಿಯಾಗಿ...

ಯಾಕೆ ಫೋನನ್ನ ಹಾಗೆ ನೋಡ್ತೀಯಾ?

ಹೌದು, ಕಿವಿ ಮಂದ ಅಂತ ಸದ್ದು ಪೂರ್ತಿ ಏರಿಸಿಟ್ಟಿರ್ತೀನಿ. ಅದಕ್ಕೇನೀಗ? ನೀನು ನಲ್ಲಿ ಬಿಟ್ಟಿದ್ದೆ ಅಲ್ವಾ? ನೀರು ಸುರೀತಿತ್ತು ತಾನೇ?

...ಅಷ್ಟರಲ್ಲಿ ನಿಲ್ಲಿಸಿದ್ಯಾ.

ಹಾಳಾದ್ದು, ಮಂಡಿಯ ಮೂಲೆಮೂಲೆಗೆ ಮುಟ್ಟಿದ ದನಿ, ಅಡುಗೆಮನೆಗೆ ಮುಟ್ಟದೆ ಇರುತ್ತಾ! ಕಳ್ಳತನ ಮಾಡೋಕೂ ಕೂಗಿಕೊಂಡೇ ಹೋಗಿದೀನಿ ನೋಡು ನಾನು.

ಇವಳೇ... ಬಿದ್ದದ್ದನ್ನ ಮತ್ತೆ ವೋಟಿಗೆ ತರಬಹುದಂತೆ. ಮೊಮ್ಮಗಳಿಗೆ ನಾನೇ ಹೇಳ್ತೀನಿ, ಎಲ್ಲಾ ಹೇಳ್ತೀನಿ. ನೀನು ಬೈಯಿ. ಒಂದು ಮಾತು ಬೈಯಿ, ನಾನು ತುಟಿ ಬಿಚ್ಚಲ್ಲ.

ಇನ್ನೂ ಮಾತಾಡೋಣ ಅಂತ ಒತ್ತಿದೋನು ನಾನೇ ಅಲ್ವಾ... ಮಾತಾಡು ಮತ್ತೆ.

ಮಾತಾಡೇ.